ಗೋಧಿ ಇಲ್ಲದ ಅಡುಗೆಮನೆ

ಸೀಲಿಯಾಕ್ ಎಂಬ ಹೆಸರು ಅನೇಕರಿಗೆ ಹೊಸದು. ಈ ಕಾಯಿಲೆ ಇದ್ದವರು ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ತಿಂದರೆ ಸಣ್ಣಕರುಳಿಗೆ ಹಾನಿಯಾಗುತ್ತದೆ. ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಜೀವನಪೂರ್ತಿ ಪಥ್ಯವೇ ಇದಕ್ಕೆ ಮದ್ದು.

ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನಗೆ ಖಾನಾವಳಿಯ ಚಪಾತಿ, ಬೆಳಗಿನ ಉಪ್ಪಿಟ್ಟು ಎರಡೂ ವರ್ಜ್ಯ. 'ಗ್ಲುಟೆನ್ ಫ್ರೀ' ಪೊಟ್ಟಣಗಳು ಜೇಬಿಗೆ ಎಟುಕುವುದಿಲ್ಲ. ಆದರೆ ಜೋಳ, ರಾಗಿ, ನವಣೆ, ಅಕ್ಕಿ, ಕಾಳುಗಳಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ!

ಕಷ್ಟವಿರುವುದು ಬೆರಕೆಯಲ್ಲಿ. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಹಾಕಿಸಿದರೆ ಹಿಟ್ಟು ಕೆಟ್ಟಂತೆ. ಅದಕ್ಕೇ ಜೋಳ ತೊಳೆದು ಒಣಗಿಸಿ, ಮಿಕ್ಸಿಯಲ್ಲಿ ನುಚ್ಚು ಮಾಡಿಕೊಳ್ಳುತ್ತೇನೆ. ಅಂಗಡಿಯ ಇಂಗಿನಲ್ಲೂ ಅನೇಕ ಬಾರಿ ಗೋಧಿ ಹಿಟ್ಟು ಇರುತ್ತದೆ. ಒಗ್ಗರಣೆಗೆ ಬೆಳ್ಳುಳ್ಳಿ ಸಾಕು.

ರವಿವಾರವೇ ವಾರದ ಪಟ್ಟಿ ಸಿದ್ಧ. ಅಂದು ಹೆಸರುಕಾಳು ನೆನೆಸಿ ಮೊಳಕೆ ಕಟ್ಟುತ್ತೇನೆ. ಸೋಮವಾರ ನುಚ್ಚು-ಮಜ್ಜಿಗೆ, ಮಂಗಳವಾರ ಅನ್ನ-ಸೊಪ್ಪಿನ ಬೇಳೆ, ಬುಧವಾರ ನವಣೆ ಅನ್ನಕ್ಕೆ ಮೊಳಕೆಕಾಳಿನ ಪಲ್ಯ. ಮುಂದೆ ಇವೇ ಅದಲುಬದಲು. ಪರೀಕ್ಷೆಗೆ ಪರ ಊರಿಗೆ ಹೊರಟರೆ ಚೀಲದಲ್ಲಿ ಶೇಂಗಾ, ಬಾಳೆಹಣ್ಣು.

"ಒಂದು ಹೋಳಿಗೆ ತಿಂದರೆ ಏನಾಗುತ್ತೆ?" ಎನ್ನುವ ನೆಂಟರಿಗೆ ನಗುತ್ತಲೇ ಬೇಡವೆನ್ನುತ್ತೇನೆ. ಆ ಒಂದು ಹೋಳಿಗೆ ನನ್ನ ಪರೀಕ್ಷೆಯ ದಿನವನ್ನೇ ನುಂಗಬಹುದು.

ಗೆಳೆಯರೇ, ಬಹುದಿನದಿಂದ ಭೇದಿ, ರಕ್ತಹೀನತೆ, ಸುಸ್ತು ಕಾಡುತ್ತಿದ್ದರೆ ವೈದ್ಯರನ್ನು ಕಾಣಿ. ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ ರಕ್ತಪರೀಕ್ಷೆಯಲ್ಲಿ ರೋಗ ಸಿಕ್ಕದೇ ಹೋಗಬಹುದು.