ಉದ್ದೀಪನ ಮದ್ದು: ಹೊಣೆ ಯಾರದು?

ಓಟಗಾರನ ಪರೀಕ್ಷೆಯಲ್ಲಿ ನಿಷಿದ್ಧ ಮದ್ದಿನ ಅಂಶ ಕಂಡುಬಂದೊಡನೆ ಲೋಕವು ಅವನೊಬ್ಬನತ್ತಲೇ ಬೆರಳು ಮಾಡುತ್ತದೆ. ಆದರೆ ಆ ಮದ್ದು ಬಂದ ದಾರಿಯನ್ನು ಅರಸಿದರೆ ಇತರರ ಕೈಗಳೂ ಕಾಣುವುದುಂಟು.

ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರು 2010ರಲ್ಲಿ ದಿಲ್ಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇ ಓಟದಲ್ಲಿಯೂ, ಅದೇ ವರ್ಷ ಚೀನದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ರಿಲೇ ಮತ್ತು 400 ಮೀಟರ್ ಹರ್ಡಲ್ಸ್ ಓಟಗಳಲ್ಲಿಯೂ ಚಿನ್ನ ಗೆದ್ದು ಕನ್ನಡಿಗರಿಗೆ ಹೆಮ್ಮೆ ತಂದರು. 2011ರಲ್ಲಿ ಅವರನ್ನೂ ಒಳಗೊಂಡು ಕೆಲವು ಓಟಗಾರ್ತಿಯರ ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಪತ್ತೆಯಾಯಿತು. ತರಬೇತುದಾರರು ಕೊಟ್ಟ ಜಿನ್‌ಸೆಂಗ್ ಮದ್ದಿನಿಂದಲೇ ಹೀಗಾಯಿತೆಂದು ಅವರು ವಾದಿಸಿದರು. ವಿದೇಶಿ ತರಬೇತುದಾರ ಯೂರಿ ಒಗೊರೊಡ್ನಿಕ್ ಅವರನ್ನು ಸರಕಾರವು ಕೆಲಸದಿಂದ ತೆಗೆಯಿತು. ಆ ವರ್ಷದ ಡಿಸೆಂಬರಿನಲ್ಲಿ ದೇಶದ ಶಿಸ್ತು ಸಮಿತಿಯು ಓಟಗಾರ್ತಿಯರಿಗೆ ಒಂದು ವರ್ಷದ ನಿಷೇಧ ವಿಧಿಸಿತು. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯು ಅದನ್ನು ಎರಡು ವರ್ಷಕ್ಕೆ ಏರಿಸಿತು.

ನಿಯಮವು ಇಷ್ಟು ಕಠಿಣವೇಕೆ? ತನ್ನ ದೇಹವನ್ನು ಸೇರುವ ಪ್ರತಿಯೊಂದಕ್ಕೂ ಆಟಗಾರನೇ ಹೊಣೆಯೆಂಬುದು ಅದರ ತಿರುಳು. ‘ನನಗೆ ತಿಳಿಯದು’ ಎಂಬ ಮಾತನ್ನು ಒಪ್ಪಿದರೆ ಎಲ್ಲರೂ ಅದನ್ನೇ ಹೇಳಿ ಪಾರಾದಾರು. ಆದರೆ ಇದರಿಂದ ಉಳಿದವರು ನಿರ್ದೋಷಿಗಳಾಗುವುದಿಲ್ಲ. ಮದ್ದು ಕೊಡುವುದು, ಮಾರುವುದು, ಮುಚ್ಚಿಡಲು ನೆರವಾಗುವುದು, ಇವೂ ವಿಶ್ವ ನಿಯಮಾವಳಿಯಲ್ಲಿ ಅಪರಾಧಗಳೇ. ಭಾರತವೂ 2022ರಲ್ಲಿ ಇದಕ್ಕೆಂದೇ ಕಾಯಿದೆಯನ್ನು ಮಾಡಿತು.

ಅಮೆರಿಕದ ಬೇಸ್‌ಬಾಲ್ ಆಟವು ಇದೇ ಪಾಠವನ್ನು ಕಲಿಸುತ್ತದೆ. ಅಲ್ಲಿನ ಸ್ಟೀರಾಯ್ಡ್ ಬಳಕೆಯನ್ನು ವಿಚಾರಿಸಿದ ಜಾರ್ಜ್ ಮಿಚೆಲ್ ಅವರು 2007ರ ಡಿಸೆಂಬರಿನಲ್ಲಿ ವರದಿಯನ್ನೊಪ್ಪಿಸಿದರು. ಅದು ಹಲವು ಆಟಗಾರರನ್ನು ಹೆಸರಿಸಿತಾದರೂ ಅಷ್ಟಕ್ಕೇ ನಿಲ್ಲಲಿಲ್ಲ. ಆಡಳಿತದ ಮುಖ್ಯಸ್ಥರು, ತಂಡಗಳ ಅಧಿಕಾರಿಗಳು, ಆಟಗಾರರ ಸಂಘ, ಎಲ್ಲರೂ ಹೊಣೆಯಲ್ಲಿ ಪಾಲುದಾರರೆಂದು ಸಾರಿತು. ಕಂಡೂ ಕಾಣದಂತಿದ್ದವರನ್ನು ಅದು ಬಿಡಲಿಲ್ಲ.

ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಬಯಲುಗಳಲ್ಲಿ ಓಡುವ, ಕಬಡ್ಡಿಯಾಡುವ ಮಕ್ಕಳಿಗೂ ಈ ಮಾತು ದೂರದ್ದಲ್ಲ. ಮಗುವು ಗುರುವಿನ ಮಾತನ್ನು ಪ್ರಶ್ನಿಸದೆ ನಂಬುತ್ತದೆ; ಆದುದರಿಂದಲೇ ಹಿರಿಯರ ಹೊಣೆ ಹಿರಿದು. ಸ್ಟೀರಾಯ್ಡುಗಳು ಯಕೃತ್ತಿಗೂ ಹೃದಯಕ್ಕೂ ಕೇಡು. ಬೆಳೆಯುವ ಮಕ್ಕಳ ಎಲುಬಿನ ಬೆಳವಣಿಗೆಯನ್ನು ಅಕಾಲದಲ್ಲಿ ನಿಲ್ಲಿಸಬಲ್ಲವು. ‘ಶಕ್ತಿ ಬರುತ್ತದೆ’ ಎಂದು ಯಾರೇ ಪುಡಿ, ಗುಳಿಗೆ, ಚುಚ್ಚುಮದ್ದು ನೀಡಿದರೂ, ಅದರಲ್ಲೇನಿದೆ, ಯಾವ ವೈದ್ಯರು ಹೇಳಿದರು ಎಂದು ಕೇಳಲು ಮಕ್ಕಳಿಗೆ ಕಲಿಸೋಣ. ಹಾಗೆ ಕೇಳಿದ ಮಗುವನ್ನು ಗದರದಿರುವುದು ಶಿಕ್ಷಕರ, ಪಾಲಕರ, ಸಂಘದವರಾದ ನಮ್ಮೆಲ್ಲರ ಕರ್ತವ್ಯ. ಪದಕಕ್ಕೆ ಚಪ್ಪಾಳೆ ತಟ್ಟುವವರೆಲ್ಲರೂ ಅದು ಬಂದ ಬಗೆಯನ್ನು ವಿಚಾರಿಸಲೂ ಬಾಧ್ಯರು.