ತಲೆಸುತ್ತು

ಬೆಂಗಳೂರಿನ ದಕ್ಷಿಣ ಭಾಗದ ಸಾರಕ್ಕಿಯ ಮಾರುಕಟ್ಟೆಯಲ್ಲಿ ವ್ಯಾಪಾರ ಬೆಳಗಿನ ಜಾವದಲ್ಲಿಯೇ ಆರಂಭವಾಗುತ್ತದೆ. ಸೊಪ್ಪು ಮಾರುವ ಹೆಂಗಸೊಬ್ಬಳು ಬರಿಯ ಕಾಫಿ ಕುಡಿದು ಬಂದು ಕುಳಿತಳೆಂದರೆ ನಡುಹಗಲಿನವರೆಗೆ ಏಳುವಂತಿಲ್ಲ. ಶೌಚಾಲಯ ದೂರವೆಂದು ನೀರನ್ನೂ ಕುಡಿಯುವುದಿಲ್ಲ. ಮಧ್ಯಾಹ್ನ ಬುಟ್ಟಿಯನ್ನೆತ್ತಲು ಥಟ್ಟನೆ ಎದ್ದಾಗ ಅವಳಿಗೆ ಕಣ್ಣು ಕತ್ತಲಿಟ್ಟು ತಲೆ ಸುತ್ತುತ್ತದೆ. “ಪಿತ್ತ ಕಣಕ್ಕ, ನಿಂಬೆಹಣ್ಣಿನ ಶರಬತ್ತು ಕುಡಿ, ಸರಿಹೋಗುತ್ತದೆ” ಎನ್ನುತ್ತಾಳೆ ಪಕ್ಕದವಳು. ಆದರೆ ಮರುದಿನವೂ ಅದೇ ಹೊತ್ತಿಗೆ ತಲೆ ಸುತ್ತುತ್ತದೆ. ಇದಕ್ಕೆ ಕಾರಣವೇನು?

ತಲೆಸುತ್ತು ಸ್ವತಃ ಒಂದು ರೋಗವಲ್ಲ. ಅದು ಲಕ್ಷಣ ಮಾತ್ರ. ಮಿದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇಕಡ 2ರಷ್ಟು. ಆದರೂ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡ 20ರಷ್ಟು ಅದಕ್ಕೇ ಬೇಕು. ಅದನ್ನು ಒಯ್ಯುವುದು ರಕ್ತ. ಮಿದುಳಿಗೆ ರಕ್ತದ ಪೂರೈಕೆ ಕ್ಷಣಕಾಲ ತಗ್ಗಿದರೂ ಕಣ್ಣು ಮಂಜಾಗುತ್ತದೆ.

ನಾವು ಎದ್ದು ನಿಂತಾಗ ರಕ್ತದ ಒಂದು ಭಾಗ ಕಾಲುಗಳತ್ತ ಇಳಿಯುತ್ತದೆ. ಕೂಡಲೇ ರಕ್ತನಾಳಗಳು ಸಂಕುಚಿಸಿ, ಹೃದಯದ ಬಡಿತ ಹೆಚ್ಚಿ, ರಕ್ತದೊತ್ತಡವು ಸರಿಹೊಂದುತ್ತದೆ. ಬೆವರಿನಿಂದ ದೇಹದ ನೀರು ಕಡಿಮೆಯಾಗಿದ್ದರೆ ಈ ಹೊಂದಾಣಿಕೆ ತಡವಾಗುತ್ತದೆ. ಭಾರಿ ಊಟದ ನಂತರ ಜೀರ್ಣಾಂಗಗಳಿಗೆ ಹೆಚ್ಚು ರಕ್ತ ಹರಿಯುವುದರಿಂದ ವೃದ್ಧರಲ್ಲಿ ಒತ್ತಡ ಇನ್ನಷ್ಟು ಇಳಿಯಬಹುದು. ಬೆಳಗಿನ ಉಪಾಹಾರವನ್ನು ಬಿಡುವುದೂ, ರಕ್ತದೊತ್ತಡದ ಕೆಲವು ಔಷಧಿಗಳೂ ಕಾರಣವಾಗಬಲ್ಲವು. ಸುತ್ತಲಿನ ಗೋಡೆಗಳೇ ತಿರುಗಿದಂತೆ ತೋರಿದರೆ, ಸಮತೋಲವನ್ನು ಕಾಯುವ ಒಳಕಿವಿಯಲ್ಲಿ ತೊಂದರೆಯಿರಬಹುದು.

ರಕ್ತಹೀನತೆ ಮತ್ತೊಂದು ಮುಖ್ಯ ಕಾರಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿರುವುದು ಕಂಡುಬಂದಿತು. ಇದನ್ನು ಪಿತ್ತವೆಂದು ಕಡೆಗಣಿಸಿದರೆ ನಿಜವಾದ ಕಾರಣ ಮರೆಯಾಗಿಯೇ ಉಳಿಯುತ್ತದೆ. ಸರಳವಾದ ರಕ್ತಪರೀಕ್ಷೆಯಿಂದ ಅದನ್ನು ತಿಳಿಯಬಹುದು.

ತಲೆ ಸುತ್ತಿದೊಡನೆ ನೆರಳಿನಲ್ಲಿ ಕುಳಿತುಕೊಳ್ಳಬೇಕು. ಸಾಧ್ಯವಾದರೆ ಮಲಗಿ, ಕಾಲುಗಳನ್ನು ತುಸು ಎತ್ತರದಲ್ಲಿಡಬೇಕು. ಚೇತರಿಸಿಕೊಂಡ ಮೇಲೆ ನೀರನ್ನಾಗಲಿ ಮಜ್ಜಿಗೆಯನ್ನಾಗಲಿ ಕುಡಿದು ನಿಧಾನವಾಗಿ ಏಳಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಮಾತು ತೊದಲಿದರೆ, ಒಂದು ಪಕ್ಕದ ಕೈಕಾಲು ಸೋತರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ತಲೆಸುತ್ತು ಮರುಕಳಿಸುತ್ತಿದ್ದರೆ, ಅದು ಬಂದ ಹೊತ್ತನ್ನೂ ಅದಕ್ಕೆ ಮೊದಲು ಮಾಡಿದ ಕೆಲಸ, ಸೇವಿಸಿದ ಆಹಾರಗಳನ್ನೂ ಗುರುತಿಸಿಟ್ಟು ವೈದ್ಯರಿಗೆ ತಿಳಿಸುವುದು ಲೇಸು.

ಪಕ್ಕದವಳ ಸಲಹೆ ಪೂರ್ತಿ ಹುಸಿಯೇನಲ್ಲ. ಶರಬತ್ತಿನಿಂದ ದೇಹಕ್ಕೆ ನೀರು ದೊರೆಯುತ್ತದೆ. ನಿಂಬೆಯಲ್ಲಿರುವ ಸಿ ಜೀವಸತ್ವವು ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟದ ಜೊತೆಗೆ ಕುಡಿದ ಕಾಫಿ ಅದಕ್ಕೆ ಅಡ್ಡಿಯಾಗುತ್ತದೆ. ದಿನವೂ ಬುಟ್ಟಿ ತುಂಬ ಸೊಪ್ಪನ್ನು ಊರಿಗೆ ಮಾರುವವಳು ಅದರಲ್ಲಿ ಒಂದು ಕಟ್ಟನ್ನು ತನ್ನ ಮನೆಯ ಸಾರಿಗೂ ಉಳಿಸಿಕೊಳ್ಳಬೇಕು. ದೇಹ ಮತ್ತೆ ಮತ್ತೆ ನೀಡುವ ಎಚ್ಚರಿಕೆಗೆ ಕಿವಿಗೊಡುವುದೇ ಆರೋಗ್ಯದ ಮೊದಲ ಪಾಠ.