ಪಿಸ್ತೂಲಿಗೆ ಬಿಗಿ ಸ್ಪ್ರಿಂಗ್ ಬೇಕಾ?

ಬೀದರ್, ಭಾಲ್ಕಿ, ಔರಾದ್ ಕಡೆ ಲೈಸೆನ್ಸ್ ಪಿಸ್ತೂಲ್ ಇಟ್ಕೊಂಡವರು ಕೇಳ್ರಿ. 9 ಎಂಎಂ ಸಾಮಾನ್ಯರಿಗೆ ನಿಷೇಧ, ಹಿಂಗಾಗಿ ಕೈಯಾಗಿರೋದು ಹೆಚ್ಚಾಗಿ .32 ಬೋರಿಂದು. ಅದಕ್ಕ ಗಟ್ಟಿ ಸ್ಪ್ರಿಂಗ್ ಹಾಕಿದ್ರ ಒದೆತ ಕಡಿಮಿ ಆಗ್ತದಂತ! ಅಲ್ರಿ, .32ರ ಒದೆತವೇ ಅಷ್ಟಕ್ಕಷ್ಟೆ. ಕೋಟಿ ಮ್ಯಾಲಿನ ತೋಪೇನು ಅದು?

ಗುಂಡು ಹಾರಿದಾಗ ಸ್ಲೈಡ್ ಪೂರಾ ಹಿಂದ ಸರಿದು ಖಾಲಿ ಕೇಸ್ ಹೊರಗ ಒಗೀಬೇಕು. ಸ್ಪ್ರಿಂಗ್ ಅತಿ ಬಿಗಿಯಾದ್ರ ಸ್ಲೈಡ್ ಅರ್ಧಕ್ಕೇ ವಾಪಸ್ ಬರ್ತದ, ಕೇಸ್ ನಡುವ ಸಿಕ್ಕೊಂತದ. ಬೇಕಾದ ಹೊತ್ತಿನಾಗೇ ಪಿಸ್ತೂಲ್ ಜಾಮ್.

ಹಳೇದು ಸಡಿಲಾಗಿದ್ರ ಕಂಪನಿ ಅಳತೀದೇ ಹಾಕಸ್ರಿ. ಅದು ಖರೇ ಉಪಯೋಗ. ಆನ್‌ಲೈನ್ ತರಿಸಿ ಮನ್ಯಾಗ ಕೂಡಸಬ್ಯಾಡ್ರಿ. 1959ರ ಆಯುಧ ಕಾಯ್ದೆದಾಗ ಬಿಡಿಭಾಗನೂ ಆಯುಧದ ಲೆಕ್ಕಕ್ಕೇ ಬರ್ತದ, ರಿಪೇರಿ ಮಾಡೋರಿಗೂ ಲೈಸೆನ್ಸ್ ಬೇಕು.